ಆರಿಸಿದರೂ ಆರದ ಕಂಪ್ಯೂಟರು

ನಾನು ಆರಿಸುವ ಪೈಕಿ ಮನುಷ್ಯ. ನಿಮ್ಮ ಮನೆಗೇ ಬಂದಿದ್ದರೂ ಮಾತಿನ ನಡುವೆ ಎದ್ದು ಹೋಗಿ, ಯಾರೂ ಇಲ್ಲದ ಕೋಣೆಯಲ್ಲಿ ತಿರುಗುತ್ತಿರುವ ಫ್ಯಾನು ನಿಲ್ಲಿಸಿ ಬಂದು, ಏನೂ ಆಗದವನಂತೆ ಮಾತು ಮುಂದುವರಿಸುತ್ತೇನೆ. ದಯವಿಟ್ಟು ತಪ್ಪು ತಿಳಿಯಬೇಡಿ. ಇದು ನಮ್ಮಪ್ಪನ ಕಡೆಯಿಂದ ಬಂದದ್ದು. ಮಾಲೂರಿನ ಆಚೆ ಲಕ್ಕೂರಿನ ಹತ್ತಿರ ನಮ್ಮ ಊರು. ಕರೆಂಟು ಬಂದ ಹೊಸದರಲ್ಲಿ ನಮ್ಮ ಮನೆಗೆ ಇದ್ದದ್ದು ಒಂದೇ ಬಲ್ಬು. ನಡುಮನೆಗೂ ಅಡುಗೆಮನೆಗೂ ಬೆಳಕು ಬೀಳಲೆಂದು ನಡುವಿನ ಗೋಡೆಯಲ್ಲಿ ಕಿಂಡಿ ಕೊರೆದು ಅದರೊಳಗೆ ಅದನ್ನು ನೇತುಹಾಕಿದ್ದರು. ನಾವು ಊಟ ಮುಗಿಸಿ ಕೈ ತೊಳೆಯುವ ಮೊದಲೇ ಅಪ್ಪ ಸ್ವಿಚ್ಚಿನ ಪಕ್ಕ ಬಂದು ನಿಂತಿರುತ್ತಿದ್ದರು.

ಆದರೆ 'ಆರಿಸು' ಅನ್ನುವ ಮಾತು ಮಾತ್ರ ಯಾರ ಬಾಯಲ್ಲೂ ಬರಬಾರದು. ದೀಪ ಆರಿತು ಅನ್ನುವುದು ಅಪಶಕುನ. ಅದಕ್ಕೆ 'ದೊಡ್ಡದು ಮಾಡು' ಅನ್ನಬೇಕು. ಈ ಗುಟ್ಟು ತಿಳಿಯದ ವಯಸ್ಸಿನಲ್ಲಿ, ದೀಪ ದೊಡ್ಡದು ಮಾಡೋ ಅಂದ ಅಜ್ಜಿಯ ಮಾತನ್ನು ಅಕ್ಷರಶಃ ಪಾಲಿಸಿ, ಲಾಟೀನಿನ ಬತ್ತಿಯನ್ನು ಪೂರ್ತಿ ಏರಿಸಿ, ಗಾಜನ್ನೆಲ್ಲ ಮಸಿ ಮಾಡಿ, ಬೆನ್ನ ಮೇಲೆ ಒಂದು ಏಟು ತಿಂದಿದ್ದೇನೆ. ಅಮ್ಮ ಈಗ ಕೋಲಾರದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಎಂಬತ್ತು ದಾಟಿದ್ದಾಳೆ. ಇವತ್ತಿಗೂ ಅವಳ ಬಾಯಲ್ಲಿ ಟೀವಿಯೂ ದೊಡ್ಡದಾಗುತ್ತದೆ, ಮಿಕ್ಸಿಯೂ ದೊಡ್ಡದಾಗುತ್ತದೆ.

ನಮ್ಮ ಮನೆಯಲ್ಲಿ ದೊಡ್ಡದಾಗಲು ಒಪ್ಪದೆ ಹಟ ಹಿಡಿದದ್ದು ಒಂದೇ ಒಂದು, ಮುಂದಿನ ಕೋಣೆಯ ಕಂಪ್ಯೂಟರು.

ಅದು ನನ್ನ ಹೆಂಡತಿ ಪದ್ಮಳದು. ಅವಳು ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿದ್ದವಳು. ಮುಳಬಾಗಿಲಿನ ಕಡೆ ಬಹಳ ವರ್ಷ, ಕೊನೆಗೆ ವಕ್ಕಲೇರಿಯಲ್ಲಿ ಪಾಠ ಮಾಡಿ ನಿವೃತ್ತಳಾದಳು. ನಿವೃತ್ತಿಯಾದ ವಾರವೇ, ನನಗೊಂದು ಕಂಪ್ಯೂಟರು ಬೇಕು ರೀ ಅಂದಳು. ತಂದದ್ದಾಯಿತು. ಹಗಲು ನಾನು ಅದರಲ್ಲಿ ಪಹಣಿ ನೋಡುತ್ತೇನೆ, ಹಳೆಯ ಫೋಟೋ ನೋಡುತ್ತೇನೆ, ಅಮ್ಮನಿಗೆ ಹರಿಕಥೆ ಹಾಕಿಕೊಡುತ್ತೇನೆ. ಸಂಜೆ ಪದ್ಮ ಸ್ವಲ್ಪ ಹೊತ್ತು ಕೂತು, ಆಮೇಲೆ ಪರದೆ ಕತ್ತಲು ಮಾಡಿ ಏಳುತ್ತಾಳೆ. ಅಲ್ಲಿಗೆ ಆರಿತು ಅಂತ ನಾನು ನೆಮ್ಮದಿಯಾಗಿದ್ದೆ. ಅವಳು ಆರಿಸುತ್ತಿದ್ದದ್ದು ಪರದೆಯನ್ನು ಮಾತ್ರ, ಕೆಳಗಿನ ಡಬ್ಬಿ ಹಗಲೂ ರಾತ್ರಿ ಓಡುತ್ತಲೇ ಇತ್ತು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಅದರ ಗುಂಯ್‌ಗುಡುವ ಸದ್ದನ್ನು ಇಷ್ಟು ಕಾಲ ನಾನು ಫ್ರಿಜ್ಜಿನದೆಂದು ತಿಳಿದು, ಫ್ರಿಜ್ಜನ್ನೇ ಬೈಯುತ್ತಿದ್ದೆ. ಆರಿಸುವವನೆಂಬ ನನ್ನ ಹೆಮ್ಮೆ ಎಷ್ಟರದೆಂದು ನೋಡಿ.

ಈ ವರ್ಷ ಮಾವಿನ ಕಾಲದಲ್ಲಿ ಪದ್ಮ ಯಲ್ದೂರಿಗೆ ಹೋದಳು. ಅದು ಅವಳ ತೌರು. ತಂಗಿಯ ಮಗಳಿಗೆ ಮಗುವಾಗಿತ್ತು, ನಾಮಕರಣ. ಹೊರಡುವ ಗಡಿಬಿಡಿಯಲ್ಲಿ ಏನೋ ಹೇಳಿದಳು. ನಾನು ಪೇಪರಿನೊಳಗಿಂದ ಹೂಂ ಅಂದೆ. ಅವತ್ತು ಸಂಜೆ ಕಂಪ್ಯೂಟರು ಆರಿಸುವ ಪಾಳಿ ಮೊದಲ ಬಾರಿಗೆ ನನ್ನದಾಯಿತು. ಕ್ರಮವಾಗಿ ಶಟ್ ಡೌನ್ ಒತ್ತಿದೆ. ಪರದೆ ನೀಲಿಯಾಗಿ, ಸಣ್ಣ ಚುಕ್ಕೆಗಳು ವೃತ್ತದಲ್ಲಿ ತಿರುಗತೊಡಗಿದವು. ತಿರುಗಿದವು, ತಿರುಗಿದವು. ನಾನು ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದರೂ ತಿರುಗುತ್ತಿದ್ದವು. ಯಾವುದೋ ಒಂದು ಪ್ರೋಗ್ರಾಂ ಅಡ್ಡ ನಿಂತಿದೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಯಾವ ಪ್ರೋಗ್ರಾಂ ಅಂತ ಓದಲು ಕನ್ನಡಕ ಹಾಕುವಷ್ಟರಲ್ಲಿ ಮಾಯವಾಯಿತು. ಕೊನೆಗೆ ಪರದೆ ಕಪ್ಪಾಯಿತು, ಆದರೆ ಡಬ್ಬಿಯ ನೀಲಿ ದೀಪ ಉರಿಯುತ್ತಲೇ ಇತ್ತು, ಒಳಗಿನ ಫ್ಯಾನು ತಿರುಗುತ್ತಲೇ ಇತ್ತು. ನಾನು ಕಾದು ಕಾದು ಬೇಸತ್ತು ಗೋಡೆಯ ಸ್ವಿಚ್ಚನ್ನೇ ಆರಿಸಿದೆ.

ಬೆಳಿಗ್ಗೆ ಸ್ವಿಚ್ಚು ಹಾಕಿದೆನೋ ಇಲ್ಲವೋ, ಡಬ್ಬಿಯ ಗುಂಡಿಗೆ ಕೈ ಹೋಗುವ ಮೊದಲೇ ಅದು ತಾನಾಗಿ ಎದ್ದು ಕೂತಿತು.

ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ಲೋ, ನೀನು ಮುಟ್ಟಲೇ ಇಲ್ಲ ಕಣೋ! ಅದ್ಯಾಕೆ ಹಂಗೆ ಎದ್ಕೊಂತು?"

"ಏನೋ ರಿಪೇರಿ ಇದೆ ಅಮ್ಮ."

"ರಿಪೇರಿ ಅಲ್ಲ. ನಿಂಬೆಹಣ್ಣು ಇಳಿಸ್ಬೇಕು ಅದಕ್ಕೆ."

ಪದ್ಮಳಿಗೆ ಫೋನು ಮಾಡಿ ಕೇಳಬಹುದಿತ್ತು. ಆದರೆ ರೇಷ್ಮೆ ಇಲಾಖೆಯಲ್ಲಿದ್ದು ಸಾವಿರಾರು ರೈತರಿಗೆ ಹುಳು ಸಾಕುವ ಬುದ್ಧಿ ಹೇಳಿದ ಮನುಷ್ಯ ನಾನು. ಒಂದು ಡಬ್ಬಿ ಆರಿಸುವುದು ಹೇಗೆ ಅಂತ ಹೆಂಡತಿಯನ್ನು ಕೇಳುವುದೇ? ಅವಳು ಬರುವಷ್ಟರಲ್ಲಿ ಸರಿಮಾಡಿ ಇಟ್ಟು ಶಹಬಾಸ್ ಅನ್ನಿಸಿಕೊಳ್ಳುವ ಆಸೆ. ಮೊಬೈಲಿನಲ್ಲಿ ವೀಡಿಯೊ ನೋಡಿದೆ. ಒಬ್ಬ, ಪೆನ್ ಡ್ರೈವು ಪ್ರಿಂಟರು ಎಲ್ಲ ಕಿತ್ತು ನೋಡಿ ಅಂದ. ಕಿತ್ತೆ. ಇನ್ನೊಬ್ಬ, ಬೇಗ ಎದ್ದೇಳಲೆಂದು ಕಂಪ್ಯೂಟರು ಅರೆನಿದ್ದೆ ಮಾಡುವ ಒಂದು ಸೆಟ್ಟಿಂಗು ಇರುತ್ತದೆ, ಅದನ್ನು ತೆಗೆಯಿರಿ ಅಂದ. ತೆಗೆದೆ. ಮತ್ತೊಬ್ಬ ಅಪ್‌ಡೇಟು ಹಾಕಿ ಅಂದ. ಹಾಕಿದೆ. ಪ್ರತಿ ಸಲವೂ ಅದೇ ನೀಲಿ ಪರದೆ, ಅದೇ ಚುಕ್ಕೆಗಳ ಗಿರಗಿಟ್ಟಲೆ, ಕಡೆಗೆ ಅದೇ ಗೋಡೆಯ ಸ್ವಿಚ್ಚು. ಆಮೇಲೆ ಟಾಸ್ಕ್ ಮ್ಯಾನೇಜರ್ ಅನ್ನುವುದನ್ನು ತೆಗೆದು ನೋಡಿದೆ. ಯಾವುದೋ ಕೇಳರಿಯದ ಹೆಸರಿನ ಪ್ರೋಗ್ರಾಂ ಒಂದು, ಕಂಪ್ಯೂಟರಿನ ಇದ್ದಬದ್ದ ಶಕ್ತಿಯನ್ನೆಲ್ಲ ಒಂದೇ ಸಮನೆ ಹೀರುತ್ತಿತ್ತು. ವೈರಸ್ಸೇ! ನಮ್ಮ ಪಿಂಚಣಿ, ನಮ್ಮ ಆಧಾರು, ಎಲ್ಲ ಈಗ ಯಾವ ದೇಶದಲ್ಲಿವೆಯೋ ಅಂದುಕೊಂಡು ಇಮ್ತಿಯಾಜನಿಗೆ ಫೋನು ಮಾಡಿದೆ.

ಇಮ್ತಿಯಾಜ್ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರದ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಲವತ್ತರ ಆಸುಪಾಸಿನವನು, ಮಾತು ಜಾಸ್ತಿ, ಕೈ ಅದಕ್ಕಿಂತ ಚುರುಕು. ಬಂದವನು ಡಬ್ಬಿ ಬಿಚ್ಚಿ ಧೂಳು ಊದಿದ. ಆಮೇಲೆ ಪರದೆಯ ಮುಂದೆ ಕೂತು ಅದೂ ಇದೂ ಒತ್ತಿದ.

"ಸಾರ್, ವೈರಸ್ ಅಲ್ಲ ಇದು. ಯಾರೋ ಬೇಕು ಅಂತ್ಲೇ ಹಾಕಿದಾರೆ. ಏನೋ ಲೆಕ್ಕ ಮಾಡ್ತಾ ಇದೆ. ನೀವು ಶಟ್ ಡೌನ್ ಒತ್ತಿದ್ರೆ, ಮಾಡಿದ ಲೆಕ್ಕ ಎಲ್ಲ ಬರೆದಿಟ್ಟು ಹೊರಡೋಣ ಅಂತ ಅದು ನೋಡುತ್ತೆ. ಡಿಸ್ಕ್ ಹಳೇದು, ಬರೆಯೋದು ನಿಧಾನ. ಅಷ್ಟರಲ್ಲಿ ನೀವು ಗೋಡೇದು ಕಿತ್ತಾಕ್ತೀರಿ."

"ಮತ್ತೆ ತಾನಾಗೇ ಎದ್ದೇಳುತ್ತಲ್ಲಪ್ಪ?"

ಇಮ್ತಿಯಾಜ್ ತಲೆ ಕೆರೆದುಕೊಂಡ. ಆಮೇಲೆ ಹಣೆ ಬಡಿದುಕೊಂಡ. "ಅರೆ! ಅದು ನಾನೇ ಮಾಡಿಕೊಟ್ಟಿದ್ದು ಸಾರ್! ಕರೆಂಟ್ ಹೋಗಿ ಬಂದ್ರೆ ತನ್ನಷ್ಟಕ್ಕೆ ಆನ್ ಆಗ್ಬೇಕು ಅಂತ ಮೇಡಂ ಅಂಗಡಿಗೆ ಬಂದು ಹೇಳಿದ್ರು. ನೀವು ಕಾರಲ್ಲಿ ಕೂತಿದ್ರಿ."

"ಅದೆಲ್ಲ ಬಿಡಯ್ಯ. ಮೊದಲು ಆ ಪ್ರೋಗ್ರಾಂ ತೆಗೆದು ಬಿಸಾಕು."

ಅವನು ಮೌಸಿನ ಬಾಣವನ್ನು ಅದರ ಮೇಲೆ ತಂದು ನಿಲ್ಲಿಸಿದ್ದ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಎರಡು ಕೈಯಲ್ಲಿ ಎರಡು ಚೀಲ ಮಾವಿನಕಾಯಿ ಹಿಡಿದು ಒಳಗೆ ಬಂದ ಪದ್ಮ, ಪರದೆ ನೋಡಿದವಳೇ ಚೀಲ ಎರಡನ್ನೂ ಹೊಸ್ತಿಲ ಮೇಲೇ ಬಿಟ್ಟಳು.

"ಅಯ್ಯೋ, ಮುಟ್ಟಕಂಡಿ!"

ಮುಟ್ಟಬೇಡಿ ಅಂತ. ಪದ್ಮ ನನ್ನ ಜೊತೆ ಕನ್ನಡ ಆಡುತ್ತಾಳೆ, ಪ್ರಾಣಕ್ಕೆ ಬಂದರೆ ತೆಲುಗು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ದನಿ ನಾನು ಕೇಳಿದ್ದು ಬಹಳ ಕಡಿಮೆ. ಇಮ್ತಿಯಾಜ್ ಎರಡೂ ಕೈ ಮೇಲೆತ್ತಿಬಿಟ್ಟ.

ಅವಳು ಕುರ್ಚಿಗೆ ಬಂದು ಕೂತಳು. ಸೆರಗಿನಿಂದ ಮುಖ ಕೂಡ ಒರೆಸಿಕೊಳ್ಳಲಿಲ್ಲ. ಪರದೆಯ ಮೇಲಿನ ಕಿಟಕಿಗಳನ್ನು ಒಂದೊಂದಾಗಿ ತೆರೆದಳು. ಎಷ್ಟು ಸಲ ಹಾಗೆ ಸ್ವಿಚ್ಚು ಕಿತ್ತಿರಿ ಅಂತ ಕೇಳಿದಳು. ಹೇಳಿದೆ. ಆ ಪ್ರೋಗ್ರಾಂ ಆಗಾಗ ತನ್ನ ಲೆಕ್ಕವನ್ನು ಉಳಿಸಿಡುತ್ತಿತ್ತಂತೆ. ತೀರ ಈಚೆಗೆ ಉಳಿಸಿದ್ದು ಒಡೆದುಹೋಗಿತ್ತು, ತೆರೆಯಲಿಲ್ಲ. ಇಮ್ತಿಯಾಜ್ ಬಗ್ಗಿ, "ಮೇಡಂ, ಅದರ ಹಿಂದಿನದು ನೋಡಿ" ಅಂದ. ಅದು ತೆರೆಯಿತು. ಪರದೆಯ ಮೇಲೆ ಸಾಲುಗಳು ಮತ್ತೆ ಒಂದರ ಕೆಳಗೊಂದು ಇಳಿಯತೊಡಗಿದಾಗ ಪದ್ಮ ಒಮ್ಮೆ ಕಣ್ಣು ಮುಚ್ಚಿ ತೆರೆದಳು.

"ಒಂದೆರಡು ದಿನದ್ದು ಹೋಗಿದೆ ಅಷ್ಟೇ. ಮಿಕ್ಕಿದ್ದೆಲ್ಲ ಇದೆ."

"ಏನೇ ಇದು? ನನಗೊಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ದೆ ರೀ. ಶಿವರಾತ್ರಿ ದಿನ ಹೇಳಿದೆ, ಮೊನ್ನೆ ಹೊರಡೋವಾಗಲೂ ಹೇಳಿದೆ. ಎರಡು ಸಲವೂ ಹೂಂ ಅಂದ್ರಿ."

ಅಷ್ಟು ಹೊತ್ತಿಗೆ ಅಮ್ಮ ಹೊಸ್ತಿಲ ಮೇಲಿನ ಮಾವಿನಕಾಯಿಗಳನ್ನು ಒಳಗೆ ತಂದು, ಮೂಲೆಯಲ್ಲಿ ಹುಲ್ಲು ಹಾಸಿ ಹಣ್ಣಿಗೆ ಇಡುತ್ತಿದ್ದಳು. ಪದ್ಮ ಅವಳ ಪಕ್ಕ ನೆಲದ ಮೇಲೆ ಕೂತಳು. ನಾನೂ ಕೂತೆ. ಇಮ್ತಿಯಾಜ್ ಸ್ಕ್ರೂ ಡ್ರೈವರು ಹಿಡಿದುಕೊಂಡೇ ಕೂತ. ಪದ್ಮ ಹನ್ನೆರಡು ಕಾಯಿ ತೆಗೆದು ಮೂರು ಸಾಲು ಮಾಡಿ ಜೋಡಿಸಿದಳು. ಸಾಲಿಗೆ ನಾಲ್ಕು, ಸಮವಾಗಿ ಬಂತು. ಒಂದು ಕಾಯಿ ತೆಗೆದುಬಿಟ್ಟು, ಈಗ ಸಮ ಸಾಲು ಮಾಡಿ ಅತ್ತೆ ಅಂದಳು. ಅಮ್ಮ ಎರಡೆರಡು ಇಟ್ಟಳು, ಒಂದು ಮಿಕ್ಕಿತು. ಮೂರು ಮೂರು ಇಟ್ಟಳು, ಎರಡು ಮಿಕ್ಕಿತು. ನಾಲ್ಕು, ಐದು, ಏನು ಮಾಡಿದರೂ ಒಂದಷ್ಟು ಮಿಕ್ಕುತ್ತಲೇ ಇತ್ತು.

"ಒಂದೇ ಸಾಲಲ್ಲಿ ಇಡಬೇಕಷ್ಟೇ. ಬೇರೆ ಯಾವುದಕ್ಕೂ ಬಗ್ಗಲ್ಲ ಇದು" ಅಂದಳು ಅಮ್ಮ.

"ಅದೇ ಅವಿಭಾಜ್ಯ ಸಂಖ್ಯೆ ಅತ್ತೆ. ಯಾರಿಗೂ ಬಗ್ಗಲ್ಲ."

ಮುಳಬಾಗಿಲಿನ ಆ ಕಡೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯ ಸ್ಕೂಲಿನಲ್ಲಿ ಅವಳು ಒಂದು ಸಲ ಈ ಪಾಠ ಮಾಡುತ್ತಿದ್ದಳಂತೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, 'ಚಿವರಿದಿ ಏದಿ ಮೇಡಂ?' ಅಂತ ಕೇಳಿದಳಂತೆ. ಕೊನೆಯದು ಯಾವುದು ಅಂತ. ಕೊನೆ ಇಲ್ಲಮ್ಮ, ಇದೇ ಕೊನೆಯದು ಅಂತ ಯಾವುದನ್ನು ತೋರಿಸಿದರೂ ಅದರಾಚೆ ಇನ್ನೊಂದು ಇದ್ದೇ ಇರುತ್ತದೆ ಅಂದಳು ಪದ್ಮ. ಎಲ್ಲಿರುತ್ತದೆ ಅಂತ ಕೇಳಿದಳು ಹುಡುಗಿ. ಅದು ಯಾರಿಗೂ ಗೊತ್ತಿಲ್ಲ, ಹುಡುಕಬೇಕು ಅಂದಳು ಇವಳು.

"ಆಗ ಮನೆ, ಸ್ಕೂಲು, ಪೇಪರ್ ತಿದ್ದೋದು. ಹುಡುಕೋಕೆ ಪುರುಸೊತ್ತೆಲ್ಲಿತ್ತು? ಈಗ ಹುಡುಕ್ತಾ ಇದೀನಿ" ಅಂದಳು.

ಅವಳು ಹೇಳಿದ್ದರಲ್ಲಿ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಲೋಕದ ಮೂಲೆಮೂಲೆಯಲ್ಲಿ ಇಂಥ ಹುಚ್ಚಿನವರು ತಮ್ಮ ಮನೆಯ ಕಂಪ್ಯೂಟರುಗಳನ್ನು ಈ ಹುಡುಕಾಟಕ್ಕೆ ಬಿಟ್ಟಿದ್ದಾರೆ. ಒಬ್ಬೊಬ್ಬರ ಪಾಲಿಗೆ ಒಂದೊಂದು ಸಂಖ್ಯೆ. ನಮ್ಮ ಪಾಲಿಗೆ ಬಂದದ್ದು ಕೋಟಿಗಟ್ಟಲೆ ಅಂಕಿಗಳಿರುವ ಒಂದು ಸಂಖ್ಯೆ. ಬರೆಯಲು ಕೂತರೆ ನಮ್ಮ ಮನೆಯ ಗೋಡೆಗಳು ಸಾಲುವುದಿಲ್ಲ, ಬೀದಿಯ ಗೋಡೆಗಳೂ ಸಾಲುವುದಿಲ್ಲ. ಅದು ಬಗ್ಗುತ್ತದೋ ಬಗ್ಗುವುದಿಲ್ಲವೋ ಅನ್ನುವುದಕ್ಕೆ ಒಂದು ಪರೀಕ್ಷೆ ಇದೆ. ಒಂದು ಲೆಕ್ಕ ಮಾಡು, ಬಂದ ಉತ್ತರದಿಂದಲೇ ಮುಂದಿನ ಲೆಕ್ಕ ಮಾಡು, ಆ ಉತ್ತರದಿಂದ ಅದರ ಮುಂದಿನದು. ನಡುವೆ ಒಂದು ಮೆಟ್ಟಿಲನ್ನೂ ಹಾರುವಂತಿಲ್ಲ. ಶಿವರಾತ್ರಿಯಿಂದ ನಮ್ಮ ಡಬ್ಬಿ ಆ ಮೆಟ್ಟಿಲುಗಳನ್ನು ಹತ್ತುತ್ತಿತ್ತು. ನಾನು ಅದರ ಮುಂದೆ ಕೂತು ಪಹಣಿ ನೋಡುತ್ತಿದ್ದೆ!

ನಾನು ಎದ್ದು ಹೋಗಿ ಡಬ್ಬಿಯ ಮೇಲೆ ಕೈ ಇಟ್ಟು ನೋಡಿದೆ. ಬೆಚ್ಚಗಿತ್ತು. ಯಾಕೋ ಮೈ ಜುಮ್ಮೆಂದಿತು.

ಹುಡುಗನಾಗಿದ್ದಾಗ ಒಮ್ಮೆ ಹೀಗೆಯೇ ಆಗಿತ್ತು. ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಕೊನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳುಗಳ ಹಸಿವು ಅಂದರೆ ಏನು ಅನ್ನುವುದು ಕಂಡವರಿಗೇ ಗೊತ್ತು. ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರೂ ತೋಟದಿಂದ ಹೊರೆಹೊರೆ ಸೊಪ್ಪು ತಂದು ಸುರಿಯುತ್ತಲೇ ಇರುತ್ತಿದ್ದರು. ಆ ದಿನಗಳಲ್ಲಿ ಮನೆಯಲ್ಲಿ ಜೋರಾಗಿ ಮಾತಿಲ್ಲ, ಒಗ್ಗರಣೆಯ ಘಾಟಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಒಂದು ಮಧ್ಯಾಹ್ನ ನಾನು ಹುಳುವಿನ ತಟ್ಟೆಗಳ ಸ್ಟ್ಯಾಂಡಿನ ಕೆಳಗೆ ತೂರಿಕೊಂಡು ಮಲಗಿದ್ದೆ. ತಲೆಯ ಮೇಲೆ ಸಾವಿರಾರು ಬಾಯಿಗಳು ಎಲೆ ಮೇಯುವ ಸದ್ದು, ಥೇಟ್ ಹಂಚಿನ ಮೇಲೆ ತುಂತುರು ಮಳೆ ಬಿದ್ದಂತೆ. ಹೊರಗೆ ಸುಡುಬಿಸಿಲು, ಒಳಗೆ ಮಳೆ. ಇವು ಏನು ಮಾಡುತ್ತಿವೆ ಅಂತ ಇವಕ್ಕೆ ಗೊತ್ತಿದೆಯಾ ಅಂತ ಅಪ್ಪನನ್ನು ಕೇಳಿದ್ದೆ. ಅಪ್ಪ ತುಟಿಯ ಮೇಲೆ ಬೆರಳಿಟ್ಟುಕೊಂಡು, "ಗೊತ್ತಿರೋದು ನಮಗೂ ಅಷ್ಟಕ್ಕಷ್ಟೆ. ಸುಮ್ನೆ ಕೇಳು" ಅಂದಿದ್ದರು.

ಇಮ್ತಿಯಾಜ್ ಹೊರಡುವ ಮುಂಚೆ ಡಿಸ್ಕಿಗೆ ಕಿವಿಯಿಟ್ಟು ಕೇಳಿದ. ಟಿಕ್ ಟಿಕ್ ಅನ್ನುತ್ತಿತ್ತು.

"ಮೇಡಂ, ಇದರ ಆಯಸ್ಸು ಮುಗೀತಾ ಬಂದಿದೆ. ಇನ್ನೊಂದು ಸಲ ಕರೆಂಟ್ ಕಿತ್ರೆ ಏಳೋದು ಡೌಟು. ಹೊಸ ಡಿಸ್ಕ್ ಬೆಂಗಳೂರಿಂದ ಬರಬೇಕು, ವಾರ ಆಗುತ್ತೆ. ನಿಮ್ಮ ಲೆಕ್ಕ ಎಷ್ಟು ಬಾಕಿ?"

"ಅಷ್ಟರೊಳಗೆ ಮುಗಿಯುತ್ತೆ."

"ಹಂಗಾದ್ರೆ ಅಲ್ಲೀವರೆಗೂ ಆಫ್ ಮಾಡಲೇಬೇಡಿ. ಮುಗಿದ ಮೇಲೆ ಮೊದಲು ಪ್ರೋಗ್ರಾಂ ಒಳಗೇ ಹೋಗಿ ನಿಲ್ಲಿಸಿ, ಅದು ಬರೆದು ಮುಗಿಸಲಿ, ಆಮೇಲೆ ಶಟ್ ಡೌನ್. ಮಗು ಥರ ಮಲಗುತ್ತೆ ನೋಡಿ."

ಆಫ್ ಮಾಡಬೇಡಿ ಅನ್ನುವುದು ಸುಲಭ. ಆದರೆ ಅದು ಸಂಜೆಯಾದರೆ ಗುಡುಗುವ ಕಾಲ. ಗಾಳಿ ಎದ್ದಿತೋ ಕರೆಂಟು ಹೋಯಿತು. ಮನೆಯ ಇನ್ವರ್ಟರಿನ ಬ್ಯಾಟರಿಗೂ ವಯಸ್ಸಾಗಿತ್ತು. ಊಟಕ್ಕೆ ಕೂತಾಗ ಅಮ್ಮನೇ ಫೈಸಲು ಮಾಡಿದಳು: "ಕರೆಂಟ್ ಹೋದ್ರೆ ಟೀವಿ ದೊಡ್ಡದು ಮಾಡಿ, ಫ್ಯಾನೂ ದೊಡ್ಡದು ಮಾಡಿ. ಅದೊಂದೇ ಓಡ್ಲಿ." ಧಾರಾವಾಹಿಯಲ್ಲಿ ಮದುವೆಯ ವಾರ ನಡೆಯುತ್ತಿತ್ತು ಅನ್ನುವುದನ್ನು ನೀವು ಗಮನಿಸಬೇಕು. ಆ ವಾರವೆಲ್ಲ ಅಮ್ಮ ಬೀಸಣಿಗೆ ಹಿಡಿದು ಕಂಪ್ಯೂಟರಿನ ಕೋಣೆಯಲ್ಲೇ ಕೂರುತ್ತಿದ್ದಳು. ಬೀಸಣಿಗೆಯ ಗಾಳಿ ಅವಳಿಗೆಷ್ಟು, ಡಬ್ಬಿಗೆಷ್ಟು ಅಂತ ನಾನು ಕೇಳಲು ಹೋಗಲಿಲ್ಲ. ಹುಟ್ಟಿದಾಗಿನಿಂದ ಆರಿಸುತ್ತಲೇ ಬಂದ ನಾನು, ಯಾವುದೂ ಆರದಿರಲಿ ಅಂತ ಬಾಗಿಲಲ್ಲಿ ನಿಂತು ಮೋಡ ನೋಡುತ್ತಿದ್ದೆ.

ಕೊನೆಯ ದಿನ ಮಧ್ಯಾಹ್ನವೇ ಕಪ್ಪಿಟ್ಟಿತು. ಗಾಳಿಗೆ ಎದುರು ಮನೆಯ ತಗಡು ಹಾರಿ ಬೀದಿಯಲ್ಲಿ ಬಿತ್ತು. ಸಿಡಿಲಿಗೆ ಹೆದರಿ ನಾನು ಇಂಟರ್ನೆಟ್ಟಿನ ಪುಟ್ಟ ಡಬ್ಬಿಯ ಪ್ಲಗ್ಗು ಕಿತ್ತಿಟ್ಟೆ. ಹಿಂದೆಯೇ ಕರೆಂಟು ಹೋಯಿತು. ಪದ್ಮ ಪರದೆ ನೋಡಿ, ಇನ್ನೂ ಮುಕ್ಕಾಲು ಗಂಟೆಯಾದರೂ ಬೇಕು ಅಂದಳು. ಫ್ಯಾನು, ದೀಪ, ಫ್ರಿಜ್ಜು ಎಲ್ಲ ನಿಲ್ಲಿಸಿದೆವು. ಆದರೂ ಸ್ವಲ್ಪ ಹೊತ್ತಿಗೆ ಇನ್ವರ್ಟರು ಕೀಂ ಕೀಂ ಅಂತ ಅಳತೊಡಗಿತು. ಇಮ್ತಿಯಾಜನಿಗೆ ಫೋನು ಮಾಡಿದೆ. ಅವನು ಹಲೋ ಅನ್ನಲಿಲ್ಲ, "ಮುಗೀತಾ ಸಾರ್?" ಅಂದ. ಇಲ್ಲ, ಬ್ಯಾಟರಿ ಸಾಯ್ತಾ ಇದೆ ಅಂದೆ. ಫೋನು ಇಟ್ಟ. ಮಳೆಯಲ್ಲಿ ನೆನೆದು ತೊಪ್ಪೆಯಾಗಿ, ಸ್ಕೂಟರಿನ ಮುಂದೆ ಪ್ಲಾಸ್ಟಿಕ್ ಸುತ್ತಿದ ಬ್ಯಾಟರಿ ಇಟ್ಟುಕೊಂಡು ಬಂದವನನ್ನು ನೋಡಿ ಅಮ್ಮ, "ಬಾರಪ್ಪ ನನ್ನ ದೇವ್ರೇ" ಅಂದಳು. ಅವನು ತಲೆ ಕೂಡ ಒರೆಸಿಕೊಳ್ಳದೆ, ಹಳೆಯ ಬ್ಯಾಟರಿಯ ಪಕ್ಕಕ್ಕೇ ಹೊಸದರ ವೈರು ಜೋಡಿಸಿದ. ಅಳು ನಿಂತಿತು. ಪರದೆ ಒಮ್ಮೆಯೂ ಮಿಣುಕಲಿಲ್ಲ.

ಆಮೇಲೆ ನಾವು ನಾಲ್ಕು ಜನ ಕತ್ತಲ ಕೋಣೆಯಲ್ಲಿ ಆ ಬೆಳಕಿನ ಮುಂದೆ ಕೂತೆವು. ಹೊರಗೆ ಮಳೆ ಇಳಿಮುಖವಾಗಿ, ಸೂರಿನಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಉಳಿಯಿತು. ಸಾಲುಗಳು ಒಂದಾದ ಮೇಲೊಂದು ಇಳಿದು, ಒಂದು ಕಡೆ ನಿಂತವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲು ಬಂತು.

ಪದ್ಮ ಓದಿದಳು. "ಅವಿಭಾಜ್ಯ ಅಲ್ಲ."

ಶಿವರಾತ್ರಿಯಿಂದ ಓಡಿದ್ದು, ಅಮ್ಮನ ಧಾರಾವಾಹಿ, ಈ ಮನುಷ್ಯ ಮಳೆಯಲ್ಲಿ ನೆನೆದದ್ದು, ಎಲ್ಲ! "ಛೆ, ಎಲ್ಲ ವ್ಯರ್ಥ ಆಯ್ತಲ್ಲೇ" ಅಂದೆ.

ಪದ್ಮ ತಿರುಗಿ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಅದು ನಾನು ತಿಳಿದ ನೀರಲ್ಲ. ನಗುತ್ತಿದ್ದಳು.

"ವ್ಯರ್ಥ ಎಲ್ಲಿ ಬಂತ್ರೀ? ಭೂಮಿ ಹುಟ್ಟೋಕೆ ಮುಂಚಿಂದಲೂ ಈ ಸಂಖ್ಯೆ ಹಿಂಗೇ ಇತ್ತು. ಬಗ್ಗುತ್ತೋ ಇಲ್ವೋ ಅಂತ ಇವತ್ತಿನವರೆಗೆ ಒಬ್ಬ ಮನುಷ್ಯನಿಗೂ ಗೊತ್ತಿರಲಿಲ್ಲ."

"ಹಂಗಾದ್ರೆ ಇದನ್ನ ಸಮ ಸಾಲಲ್ಲಿ ಜೋಡಿಸಬಹುದು ಅನ್ನು" ಅಂದಳು ಅಮ್ಮ.

"ಹೂಂ ಅತ್ತೆ."

"ಎಷ್ಟು ಸಾಲು?"

"ಅದು ಗೊತ್ತಿಲ್ಲ ಅತ್ತೆ. ಜೋಡಿಸಬಹುದು ಅಂತ ಮಾತ್ರ ಗೊತ್ತು. ಹೆಂಗೆ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಾಗುತ್ತೋ ಇಲ್ವೋ ಅದೂ ಗೊತ್ತಿಲ್ಲ."

ಅಮ್ಮ ಬೀಸಣಿಗೆ ಕೆಳಗಿಟ್ಟಳು. ಪರದೆಯ ಕಡೆ ಒಂದು ಗಳಿಗೆ ನೋಡಿ, ಕೈ ಮುಗಿದಳು. ಯಾರೂ ನಗಲಿಲ್ಲ. ಇಮ್ತಿಯಾಜ್ ಬಾಯಲ್ಲಿ ಮೆಲ್ಲಗೆ ಏನೋ ಅಂದುಕೊಂಡ, ಅವನ ದೇವರ ಹೆಸರಿರಬೇಕು.

ಕರೆಂಟು ಬಂತು. ಬೀದಿಯಲ್ಲಿ ಮಕ್ಕಳು ಹೋ ಅಂದರು. ನಾನು ಕಿತ್ತಿಟ್ಟಿದ್ದ ನೆಟ್ಟಿನ ಪ್ಲಗ್ಗು ಕೈಗೆತ್ತಿಕೊಂಡು ಗೋಡೆಯ ಹತ್ತಿರ ಹೋದೆ. ಅದನ್ನು ಹಾಕಿದರೆ ಫಲಿತಾಂಶ ತಾನಾಗಿ ಹೊರಟು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರುತ್ತದೆ, ಆಮೇಲೆ ಯಾರು ಬೇಕಾದರೂ ನೋಡಬಹುದು.

"ಹಾಕಲಾ?" ಅಂದೆ.

ಪದ್ಮ ಅಡುಗೆಮನೆಗೆ ಹೊರಟಿದ್ದವಳು ಬಾಗಿಲಲ್ಲಿ ನಿಂತಳು. ಅಮ್ಮನನ್ನು ನೋಡಿದಳು, ತಲೆ ಒರೆಸಿಕೊಳ್ಳುತ್ತಿದ್ದ ಇಮ್ತಿಯಾಜನನ್ನು ನೋಡಿದಳು, ನನ್ನನ್ನು ನೋಡಿದಳು.

"ತಾಳಿ ರೀ. ಈಗ ಇದು ಇಡೀ ಲೋಕದಲ್ಲಿ ನಮ್ಮ ನಾಲ್ಕು ಜನಕ್ಕೆ ಮಾತ್ರ ಗೊತ್ತಿರೋದು. ಕಾಫಿ ಕುಡಿದು ಕಳಿಸೋಣ."

ನಾನು ಪ್ಲಗ್ಗನ್ನು ಮೇಜಿನ ಮೇಲಿಟ್ಟು ಕೂತೆ. ಅವಳು ನಾಲ್ಕು ಲೋಟ ಕಾಫಿ ತಂದಳು. ಯಾರೂ ಅವಸರ ಮಾಡಲಿಲ್ಲ.